ಅರವತ್ತೆಂಟನೇ ನಂಬರಿನ ಕ್ಲಿಪ್ಪು

"ಯಾವಾಕಿ ಈಕಿ? ಕಣ್ಣು ಕಾಣಂಗಿಲ್ಲೇನು?"

ಶೈಲಜಾಳನ್ನು ಕುರಿತು ನಾನಾಡಿದ ಮೊದಲ ಮಾತು ಇದು. ನಾರ್ತ್ ಕೆರೊಲಿನಾದ ಏಪೆಕ್ಸ್ ಊರಿನ ಅಂಚಿಗೆ ಒಂದು ಹಾಬಿ ಅಂಗಡಿ. ಅದರ ಹಿಂದೆ ಕೆಂಪು ಮಣ್ಣಿನ ಟ್ರ್ಯಾಕು. ಸುತ್ತ ಇಪ್ಪತ್ತು ಮಂದಿ ಅಮೆರಿಕನ್ನರು ನಿಂತಿದ್ದರು. ಕನ್ನಡದಲ್ಲಿ ಬೈದರೆ ಯಾರಿಗೆ ತಿಳಿದೀತು ಎಂದು ಗಟ್ಟಿಯಾಗಿಯೇ ಬೈದೆ. 1996ರ ಜೂನ್ ತಿಂಗಳು.

ಆಕೆ ನಿಧಾನವಾಗಿ ತಿರುಗಿದಳು. ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ, ಇನ್ನೊಂದರಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಕಣ್ಣು ಚೆನ್ನಾಗಿ ಕಾಣತ್ತೆ ರೀ. ಕಿವಿನೂ ಕೇಳತ್ತೆ. ಯಾವೂರು ನಿಮ್ಮದು, ಹಾವೇರಿನಾ?"

"ರಾಣೆಬೆನ್ನೂರು," ಎಂದೆ. ಎಷ್ಟೇ ಸಿಟ್ಟಿದ್ದರೂ ಊರಿನ ಹೆಸರು ತಪ್ಪಾಗಬಾರದಲ್ಲ.

ನನ್ನ ಬಗ್ಗಿ, ಅಂದರೆ ಕೈಯಲ್ಲಿನ ರೇಡಿಯೋದಿಂದ ಓಡಿಸುವ ಪುಟ್ಟ ರೇಸ್ ಕಾರು, ಟ್ರ್ಯಾಕಿನ ಆಚೆ ತುದಿಯಲ್ಲಿ ಮಗುಚಿ ಬಿದ್ದಿತ್ತು. ಎರಡು ತಿಂಗಳು ಕೂತು ಕಟ್ಟಿದ ಗಾಡಿ. ಅಂಗೈ ಮೇಲೆ ಹಿಡಿಯಬಹುದಾದಷ್ಟು ಚಿಕ್ಕದಾದರೂ ಲಾರಿಗೆ ಇರುವುದೆಲ್ಲ ಅದಕ್ಕೂ ಇತ್ತು: ಹಿಂಚಕ್ರಗಳ ಡಿಫರೆನ್ಷಿಯಲ್ಲು, ನಾಲ್ಕು ಚಕ್ರಕ್ಕೆ ಕುಲುಕು ತಡೆಯುವ ನಾಲ್ಕು ಶಾಕು, ಶಾಕಿನೊಳಗೆ ಎಣ್ಣೆ. ಅಂದು ಅದು ಮೊದಲ ಸಲ ಟ್ರ್ಯಾಕಿಗೆ ಇಳಿದಿತ್ತು. ಪೈನ್ ಮರಗಳ ತಿರುವಿನ ತನಕ ಚೆನ್ನಾಗಿಯೇ ಓಡಿತು. ಅಲ್ಲಿ ಒಮ್ಮೆಲೇ ಹುಚ್ಚು ಹಿಡಿದಂತೆ ಬಲಕ್ಕೆ ನುಗ್ಗಿ, ಕಂಬಕ್ಕೆ ಗುದ್ದಿ, ಮುಂದಿನ ಚಕ್ರದ ತೋಳು ಮುರಿದುಕೊಂಡಿತು.

ಅಂಥದ್ದು ಆದಾಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾರು ರೇಡಿಯೋ ಹಚ್ಚಿದರು? ಆಗ ಗಾಡಿ ಓಡಿಸುವ ಪ್ರತಿ ರೇಡಿಯೋಕ್ಕೂ ಒಂದು ನಂಬರು ಇರುತ್ತಿತ್ತು. ಒಂದೇ ನಂಬರಿನ ಎರಡು ರೇಡಿಯೋ ಒಟ್ಟಿಗೆ ಹಚ್ಚಿದರೆ ಗಾಡಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ. ಅದಕ್ಕೆಂದೇ ಅಂಗಡಿಯ ಗೋಡೆಯ ಹಲಗೆಯ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ನಂಬರು ಬರೆದು ಸಿಕ್ಕಿಸಿದ್ದರು. ನಿನ್ನ ನಂಬರಿನ ಕ್ಲಿಪ್ಪು ತೆಗೆದು ಕಾಲರಿಗೆ ಹಾಕಿಕೊಂಡ ಮೇಲೆಯೇ ರೇಡಿಯೋ ಹಚ್ಚಬೇಕು. ಅರವತ್ತೆಂಟನೇ ನಂಬರಿನ ಕ್ಲಿಪ್ಪು ನನ್ನ ಕಾಲರಿನಲ್ಲಿತ್ತು. ಶೈಲಜಾಳ ಕೈಯಲ್ಲಿದ್ದ ರೇಡಿಯೋ ಕೂಡ ಅರವತ್ತೆಂಟು. ಅದರ ಆಂಟೆನಾ ಪೂರ್ತಿ ಎಳೆದಿತ್ತು.

"ಆನ್ ಮಾಡಿರಲಿಲ್ಲ," ಎಂದಳು ಆಕೆ. "ನನ್ನ ಬಗ್ಗಿ ಇನ್ನೂ ಅರ್ಧ ಕಟ್ಟಿದೀನಿ. ಆನ್ ಮಾಡಿ ಏನು, ಇಸ್ತ್ರಿ ಮಾಡ್ಲಾ?"

ಅಂಗಡಿಯ ಯಜಮಾನ ಕ್ಯಾಲ್ವಿನ್ ನನ್ನ ಕಡೆ ನೋಡಿದ. ಅವನ ಪಿಕಪ್ಪಿನ ಗೇರ್‌ಬಾಕ್ಸು ನಾನೇ ರಿಪೇರಿ ಮಾಡಿದ್ದೆ. ಕರಬಸಪ್ಪ ಎನ್ನಲು ಬಾರದೆ ನನ್ನನ್ನು ಕಾರ್ಬ್ ಎನ್ನುತ್ತಿದ್ದ. ನನ್ನ ಮಾತನ್ನು ಅವನು ನಂಬುತ್ತಿದ್ದ.

"ಕಾರ್ಬ್, ರೇಡಿಯೋದ ಕೆಂಪು ದೀಪ ಹತ್ತಿದ್ದು ನೀನು ಕಂಡೆಯಾ?"

ಕಂಡೆ ಎಂದೆ.

ಕಂಡಿರಲಿಲ್ಲ. ಮುರಿದ ತೋಳು ಕಂಡಿದ್ದೆ, ಎಳೆದ ಆಂಟೆನಾ ಕಂಡಿದ್ದೆ. ದೀಪ ಹತ್ತಿಯೇ ಇರಬೇಕು ಎಂದು ಮನಸ್ಸು ಹೇಳಿತು, ಬಾಯಿ ಕಂಡೆ ಎಂದಿತು. ಅಕ್ಟೋಬರಿನಲ್ಲಿ ಸೀಸನ್ ಮುಗಿಯುವವರೆಗೆ ಆಕೆ ಬೇಲಿಯ ಒಳಗೆ ಕಾಲಿಡಬಾರದು ಎಂದ ಕ್ಯಾಲ್ವಿನ್.

ಆಕೆ ವಾದ ಮಾಡಲಿಲ್ಲ. ತನ್ನ ರೇಡಿಯೋವನ್ನು ಕ್ಯಾಲ್ವಿನನ ಮೇಜಿನ ಡ್ರಾಯರಿನಲ್ಲಿಟ್ಟು, ಬೀಗ ಹಾಕಿಸಿದಳು. ಆಮೇಲೆ ನನ್ನ ಹತ್ತಿರ ಬಂದು ನಿಂತಳು.

"ನಿಮ್ಮ ಗಾಡಿಗೆ ಮತ್ತೆ ಹುಚ್ಚು ಹಿಡಿಯತ್ತೆ. ಅವತ್ತು ನನ್ನ ರೇಡಿಯೋ ಬೀಗದೊಳಗಿರತ್ತೆ. ಅಲ್ಲೀವರೆಗೂ ಪ್ರತಿ ಸಂಡೇ ಬಂದು ಕೂತ್ಕೋತೀನಿ."

"ಕೂಡ್ರಿ. ಬಿಸಲು ಯಾರಪ್ಪಂದು?"

ಮುಂದಿನ ಭಾನುವಾರ ಬಂದೇ ಬಂದಳು. ಬೇಲಿಯ ಹೊರಗೆ, ಪೈನ್ ಮರಗಳ ನೆರಳಿನಲ್ಲಿ ನೀಲಿ ಮಡಚು ಕುರ್ಚಿ ಬಿಡಿಸಿದಳು. ತೊಡೆಯ ಮೇಲೆ ಅರ್ಧ ಕಟ್ಟಿದ ಬಗ್ಗಿ, ಅದರ ಮೇಲೆ ಕಂಪನಿಯ ಮ್ಯಾನ್ಯುಯಲ್ಲು. ಒಂದು ಸ್ಕ್ರೂ ಹಾಕಬೇಕಾದರೆ ಎರಡು ಪುಟ ಓದುವ ಹೆಂಗಸು. ಮೈಸೂರಿನವಳು, ಒಬ್ಬಳೇ ಇದ್ದಾಳೆ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಮೂವತ್ತನಾಲ್ಕಾದರೂ ಮದುವೆಯ ಸುದ್ದಿ ಎತ್ತಗೊಡುವುದಿಲ್ಲ ಎಂದು ನಮ್ಮಕ್ಕ ಶಿವಕ್ಕ ಯಾರಿಂದಲೋ ಕೇಳಿ ಬಂದಿದ್ದಳು. ನನಗಾಗ ಮೂವತ್ತೊಂಬತ್ತು. ಅಕ್ಕನ ಅರ್ಜಿಯ ಮೇಲೆ ಅಮೆರಿಕಾಕ್ಕೆ ಬಂದು ಗ್ಯಾರೇಜು ಸೇರಿದವನಿಗೂ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅದನ್ನು ಶಿವಕ್ಕ ಬಾಯಿ ಬಿಟ್ಟು ಹೇಳಲಿಲ್ಲ.

ಎರಡನೇ ಭಾನುವಾರ ನನ್ನ ಗಾಡಿ ಗುಡ್ಡೆ ಹಾರಿ ನೆಲಕ್ಕೆ ಬಿದ್ದು ಪುಟಿಯಿತು.

"ಕಪ್ಪೆ ಸಾಕಿದೀರಾ?" ಬೇಲಿಯಾಚೆಯಿಂದ ದನಿ ಬಂತು. "ಹಿಂದಿನ ಶಾಕ್ ಎಣ್ಣೆ ತೆಳುವಾಯ್ತು."

"ಕೇಳಿದವರು ಯಾರು?"

"ಯಾರೂ ಇಲ್ಲ. ಕಪ್ಪೆ ನೋಡಿ ಅಯ್ಯೋ ಅನ್ನಿಸ್ತು."

ಮನೆಗೆ ಹೋಗಿ ದಪ್ಪ ಎಣ್ಣೆ ಹಾಕಿದೆ. ಮರುವಾರ ಗಾಡಿ ಹಾರಿ ಇಳಿದದ್ದು ಬೆಕ್ಕು ಗೋಡೆಯಿಂದ ಇಳಿದ ಹಾಗೆ. ಕತ್ತು ತಿರುಗಿಸದೆ, ಕಣ್ಣಷ್ಟೇ ಹೊರಳಿಸಿ ಬೇಲಿಯ ಕಡೆ ನೋಡಿದೆ. ಆಕೆ ಮ್ಯಾನ್ಯುಯಲ್ಲಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಪುಸ್ತಕದ ಮೇಲಂಚಿನಲ್ಲಿ ಹುಬ್ಬುಗಳೆರಡು ಮಾತ್ರ ಕಾಣುತ್ತಿದ್ದವು. ಅವು ನಗುತ್ತಿದ್ದವು.

ಇನ್ನೊಂದು ವಾರ ನಾನು ಬೇಲಿಯ ಪಕ್ಕ ಹೋದಾಗ ಆಕೆ ತನ್ನ ಗಾಡಿಯ ಹಿಂಚಕ್ರ ತಿರುಗಿಸುತ್ತಿದ್ದಳು. ಒಳಗಿನಿಂದ ಸಣ್ಣ ಕಿರಕಿರ ಸದ್ದು. ಓದು ಕಡಿಮೆಯಾದರೂ ಕಿವಿ ಇದೆಯಲ್ಲ.

"ಡಿಫ್ ಸಡಲಾಗೇತ್ರಿ. ಕಾಲು ಸುತ್ತು ಬಿಗಿ ಮಾಡ್ರಿ. ಅರ್ಧ ಮಾಡಿದ್ರ ಹಾಳಾಕ್ಕೈತಿ."

"ಬುಕ್‌ನಲ್ಲಿ ಹಾಗೆ ಹೇಳಿಲ್ಲ."

"ಬುಕ್ಕಿಗೆ ಕಿವಿ ಇಲ್ರಿ."

ಆಕೆ ನನ್ನ ಮೇಲೆ ಉರಿಗಣ್ಣು ಬಿಟ್ಟು, ಬೆನ್ನು ತಿರುಗಿಸಿ ಕೂತಳು. ಸ್ಕ್ರೂಡ್ರೈವರ್ ಹಿಡಿದ ಮೊಣಕೈ ಕಾಲು ಸುತ್ತು ತಿರುಗಿ ನಿಂತದ್ದು ಹಿಂದಿನಿಂದ ನನಗೆ ಕಂಡಿತು.

ಹೀಗೆ ಬೈದಾಡಿಕೊಂಡೇ ಆಗಸ್ಟ್ ಮುಗಿಯುತ್ತ ಬಂತು. ಅಷ್ಟರಲ್ಲಿ ನನ್ನ ಗಾಡಿ ಅದೇ ಪೈನ್ ತಿರುವಿನಲ್ಲಿ ಮತ್ತೆ ನಾಲ್ಕು ಸಲ ದಿಕ್ಕು ತಪ್ಪಿತ್ತು. ನಾನೇ ತಪ್ಪು ತಿರುಗಿಸಿದೆ ಎಂದು ಉಳಿದವರ ಮುಂದೆ ನಟಿಸಿದೆ. ಆಕೆ ಮಾತ್ರ ಪ್ರತಿ ಸಲವೂ ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದಳು.

ಮುಂದಿನ ಸಲ ಗಾಡಿ ಬೇಲಿಯ ಕೆಳಗಿನ ಸಂದಿಯಲ್ಲಿ ನುಸುಳಿ, ನೇರ ಆಕೆಯ ಕಾಲ ಬಳಿ ಹೋಗಿ ಮಗುಚಿತು. ನಾನು ಓಡಿ ಹೋಗುವಷ್ಟರಲ್ಲಿ ಆಕೆ ಎತ್ತಿಕೊಂಡಿದ್ದಳು. ಗಾಡಿಯ ಬೆನ್ನಿನ ಮೇಲೆ ನಿಂತ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮೇಲಿನ ಚಿಪ್ಪು ಬಿಚ್ಚಿ ಒಳಗೆ ನೋಡಿದಳು.

"ಕೊಳವೆ ಖಾಲಿ ಇದೆ. ಇದರೊಳಗಿರಬೇಕಾದ ವೈರ್ ಎಲ್ಲಿ?"

"ಅದಾ? ಮೊಳದುದ್ದ ಜೋತಾಡ್ತಿತ್ತು, ಕತ್ತರಿಸಿದೆ. ಗ್ಯಾರೇಜಿನ್ಯಾಗ ವೈರು ಜೋತಾಡಾಕ ಬಿಟ್ರ ಫ್ಯಾನಿಗೆ ಸುತ್ಕೊಂತೈತಿ. ಕೊಳವಿ ಬಾವುಟಕ್ಕಲ್ಲೇನ್ರಿ?"

ನಾಲ್ಕು ಬೆರಳು ಉಳಿಸಿ, ತುದಿಗೆ ಟೇಪು ಸುತ್ತಿ, ಅಚ್ಚುಕಟ್ಟಾಗಿ ಕಟ್ಟಿದ್ದೆ. ಅದನ್ನು ತೋರಿಸುವಾಗ ನನಗೆ ಒಳಗೊಳಗೆ ಹೆಮ್ಮೆಯೇ ಇತ್ತು.

ಆಕೆ ಮ್ಯಾನ್ಯುಯಲ್ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. "ಓದಿ. ದಪ್ಪ ಅಕ್ಷರದಲ್ಲಿದೆ. ಜೋರಾಗಿ ಓದಿ, ಕ್ಯಾಲ್ವಿನ್‌ಗೂ ಕೇಳಿಸ್ಲಿ."

ಇಂಗ್ಲಿಷ್ ಅಕ್ಷರಗಳು ಇರುವೆ ಸಾಲಿನಂತೆ ನಿಂತಿದ್ದವು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ. ಗಾಡಿಯನ್ನು ಚಿತ್ರ ನೋಡಿ ಕಟ್ಟಿದ್ದೆ.

"ಓದ್ರೀ!"

"ಚಾಳೀಸು ಮನ್ಯಾಗ ಬಿಟ್ಟು ಬಂದೀನ್ರಿ."

ಆ ಕನ್ನಡಕ ನನ್ನ ಅಂಗಿಯ ಜೇಬಿನಲ್ಲಿತ್ತು, ಅರ್ಧ ಹೊರಗೆ ಇಣುಕಿಕೊಂಡು. ಆಕೆ ಅದನ್ನು ನೋಡಿದಳು. ನಾನು ಆಕೆ ನೋಡುವುದನ್ನು ನೋಡಿದೆ. ಎಂದೂ ನೆಲ ನೋಡದ ಆ ಕಣ್ಣುಗಳು ಅಂದು ಮೊದಲ ಸಲ ಕೆಳಗಾದವು. ಪುಸ್ತಕವನ್ನು ನನ್ನ ಮುಖದಿಂದ ತನ್ನ ಕಡೆಗೆ ತಿರುಗಿಸಿಕೊಂಡಳು.

"ಇದು ಆಂಟೆನಾ," ಎಂದಳು, ನನಗೊಬ್ಬನಿಗೇ ಕೇಳುವಂತೆ. "ಕಟ್ ಮಾಡಬೇಡಿ ಅಂತ ಬರೆದಿದೆ. ಮಾಡಿದ್ರೆ ಹತ್ತಿರ ಇರೋವಾಗ ಗಾಡಿ ಮಾತು ಕೇಳತ್ತೆ. ದೂರ ಹೋದ್ರೆ ಕೇಳಲ್ಲ."

ಚಿಪ್ಪು ಮುಚ್ಚಿ, ಪಿನ್ನು ಸಿಕ್ಕಿಸಿ, ಗಾಡಿ ನನ್ನ ಕೈಗಿತ್ತಳು. ಕ್ಯಾಲ್ವಿನ್ ಹತ್ತು ಮಾರು ದೂರದಲ್ಲೇ ನಿಂತಿದ್ದ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ನಾನು ಕಾಯುತ್ತ ನಿಂತೆ.

"ನಾನು ಹೇಳಲ್ಲ," ಎಂದಳು. "ದೀಪ ನೋಡಿದೆ ಅಂದೋರು ನೀವು. ನೋಡಿಲ್ಲ ಅನ್ನೋದೂ ನೀವೇ ಹೇಳ್ಬೇಕು. ಬೇಡ ಅನ್ಸಿದ್ರೆ ಬಿಡಿ. ನನಗೆ ಬೇಕಾದ ಉತ್ತರ ಸಿಕ್ತು. ಇನ್ನು ಈ ಕುರ್ಚಿ ಇಲ್ಲಿರಲ್ಲ."

ಆ ವಾರವೆಲ್ಲ ಗ್ಯಾರೇಜಿನಲ್ಲಿ ಎತ್ತಿದ್ದು ಕೈ ಜಾರುತ್ತಿತ್ತು. ಹೇಳಿದರೆ ನಾನು ಸುಳ್ಳುಗಾರ, ಮೇಲಾಗಿ ಇಂಗ್ಲಿಷ್ ಓದಲು ಬಾರದವ. ಹೇಳದಿದ್ದರೆ ಆಕೆ ಸುಳ್ಳುಗಾರ್ತಿಯಾಗಿಯೇ ಉಳಿಯುತ್ತಾಳೆ. ಊಟಕ್ಕೆ ಕೂತಾಗ ಶಿವಕ್ಕ ರೊಟ್ಟಿ ಹಾಕುತ್ತ ಕೇಳಿದಳು:

"ಏನಾಗೇತೋ ನಿನಗ? ಆ ಮೈಸೂರಾಕಿ ಮತ್ತ ಬೈದಳೇನು?"

"ಇಲ್ಲಬೇ. ಬಯ್ಯಲಿಲ್ಲ. ಅದ ತ್ರಾಸಾಗೇತಿ."

ಶಿವಕ್ಕ ನನ್ನ ಮುಖ ನೋಡಿದಳು. ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಭಾನುವಾರ ಹೋದಾಗ ಕುರ್ಚಿ ಇರಲಿಲ್ಲ. ಹುಲ್ಲಿನಲ್ಲಿ ಅದರ ಕಾಲುಗಳ ನಾಲ್ಕು ಗುರುತು ಮಾತ್ರ ಇದ್ದವು. ರೇಸಿಗೆ ಮುಂಚೆ ಎಲ್ಲರನ್ನೂ ಸೇರಿಸಿ ಕ್ಯಾಲ್ವಿನ್ ನಿಯಮ ಹೇಳುತ್ತಿದ್ದ. ನಾನು ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಎದುರು ನಿಂತೆ. ನನ್ನ ಗ್ಯಾರೇಜ್ ಇಂಗ್ಲಿಷಿನಲ್ಲಿ ಹೇಳಿದೆ: ಅಂದು ನಾನು ದೀಪ ನೋಡಲಿಲ್ಲ. ವೈರು ಕತ್ತರಿಸಿದವನು ನಾನು. ಪುಸ್ತಕ ನನಗೆ ಓದಲು ಬರುವುದಿಲ್ಲ. ಆ ಹೆಂಗಸು ಸುಳ್ಳು ಹೇಳಲಿಲ್ಲ, ನಾನು ಹೇಳಿದೆ.

ಕ್ಯಾಲ್ವಿನ್ ಕೈ ನೀಡಿ ನನ್ನ ಕಾಲರಿನ ಕ್ಲಿಪ್ಪು ಕಿತ್ತುಕೊಂಡ. ಆಕೆಗೆ ಕೊಟ್ಟ ಶಿಕ್ಷೆಯೇ ನಿನಗೂ, ಸೀಸನ್ ಮುಗಿಯುವವರೆಗೆ ಬೇಲಿಯ ಹೊರಗೆ, ಎಂದ. ಆಮೇಲೆ ಡ್ರಾಯರಿನ ಬೀಗ ತೆಗೆದು, ಆಕೆಯ ರೇಡಿಯೋ ಮತ್ತು ಅದೇ ಕ್ಲಿಪ್ಪನ್ನು ನನ್ನ ಕೈಗೆ ಕೊಟ್ಟ. "ನೀನೇ ತಲುಪಿಸು."

ಎಲ್ಲಿಗೆಂದು ತಲುಪಿಸಲಿ? ಆಕೆಯ ಮನೆ ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಪಾರ್ಕಿಂಗ್ ಲಾಟಿಗೆ ಬಂದೆ. ಕೊನೆಯ ಸಾಲಿನಲ್ಲಿ ಒಂದು ಬಿಳಿ ಕಾರು. ಗಾಜು ಇಳಿಸಿತ್ತು. ಸ್ಟೀರಿಂಗಿನ ಮೇಲೆ ಗದ್ದ ಊರಿ ಶೈಲಜಾ ಕೂತಿದ್ದಳು.

"ಕ್ಯಾಲ್ವಿನ್ ಕೈಲಿ ಮೈಕ್ ಆನ್ ಇತ್ತು," ಎಂದಳು. "ಇಡೀ ಏಪೆಕ್ಸ್‌ಗೇ ಕೇಳಿಸ್ತು."

"ಕುರ್ಚಿ ಇರಂಗಿಲ್ಲ ಅಂದಿದ್ರಿ. ಮತ್ತ ನೀವ್ಯಾಕ ಬಂದ್ರಿ?"

"ಕುರ್ಚಿ ಟ್ರಂಕ್‌ನಲ್ಲಿದೆ, ಕಟ್ಟಿ ಮುಗಿಸಿದ ಗಾಡಿನೂ. ನಾನು ಬರಲ್ಲ ಅಂತ ಹೇಳಿದ್ನಾ?" ಆಕೆಯ ದನಿ ಗಡುಸಾಗಿಯೇ ಇತ್ತು, ಕಣ್ಣಿನಲ್ಲಿ ಮಾತ್ರ ನೀರು. "ಎರಡು ತಿಂಗಳು ಹೊರಗೆ ಕೂರಿಸಿದ್ರಿ ನನ್ನ. ಮರೆಯಲ್ಲ."

"ಮರೀಬ್ಯಾಡ್ರಿ. ನಾನೂ ಮರಿಯಂಗಿಲ್ಲ." ರೇಡಿಯೋ ಕೊಟ್ಟೆ. "ಮುಂದಿನ ಸೀಸನ್ನಿಗೆ ನಾನು ಬ್ಯಾರೆ ನಂಬರ್ ಹಾಕಿಸ್ತೀನಿ. ನಿಮಗ ಅಡ್ಡ ಬರಂಗಿಲ್ಲ."

ಆಕೆ ಕಾರಿನಿಂದ ಇಳಿದಳು. ಆ ಒಂದು ಕಣ್ಣು ಮತ್ತೆ ಕಿರಿದಾಯಿತು.

"ಬೇಡ. ಅರವತ್ತೆಂಟೇ ಇರಲಿ."

"ಹಂಗಾದ್ರ ನಾವಿಬ್ರೂ ಒಂದ ರೇಸಿನ್ಯಾಗ ಓಡ್ಸಾಕ ಆಗಂಗಿಲ್ರಿ. ಒಬ್ರು ಓಡಿಸೂಮುಂದ ಇನ್ನೊಬ್ರು ಸುಮ್ನ ಬಾಜೂಕ ನಿಂದರಬೇಕಾಕ್ಕೈತಿ."

"ಗೊತ್ತು," ಎಂದಳು. "ಅಷ್ಟು ನಾನೂ ಓದಿದೀನಿ."

ನಾನು ಕ್ಲಿಪ್ಪು ಮುಂದೆ ಹಿಡಿದೆ. ಆಕೆ ತೆಗೆದುಕೊಳ್ಳಲಿಲ್ಲ. ನನ್ನ ಕೈಯನ್ನೇ ಹಿಡಿದು, ಗ್ರೀಸು ಕೂತ ಬೆರಳುಗಳನ್ನು ಒಂದೊಂದಾಗಿ ನೋಡಿದಳು.

"ನನ್ನ ಡಿಫ್ ಇವತ್ತು ಕಿರಕಿರ ಅಂದ್ರೆ ಬೇಲಿ ಆಚೆಯಿಂದ ಹೇಳ್ತೀರಾ?"

"ಹೇಳ್ತೀನ್ರಿ."

"ಬೈದು ಹೇಳಿ. ಮೆತ್ತಗೆ ಹೇಳಿದ್ರೆ ನಂಗೆ ಕೇಳಿಸಲ್ಲ."

ಆ ದಿನ ನೀಲಿ ಕುರ್ಚಿಯಲ್ಲಿ ನಾನು ಕೂತೆ. ಆಕೆಯ ಗಾಡಿ ಏಳರಲ್ಲಿ ಆರನೆಯದಾಗಿ ಬಂತು. ಬಾಯಿ ನೋಯುವಷ್ಟು ಬೈದೆ. ರೇಸು ಮುಗಿದ ಮೇಲೆ ಆಕೆ ಬೇಲಿಗೆ ಒರಗಿ ಮ್ಯಾನ್ಯುಯಲ್ಲಿನ ಮೊದಲ ಪುಟ ಓದಿ ಹೇಳಿದಳು, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ನನ್ನ ಶಿಕ್ಷೆ ಇನ್ನೂ ಐದು ಭಾನುವಾರ ಇತ್ತು. ಆ ಐದೂ ವಾರ ಅರವತ್ತೆಂಟನೇ ನಂಬರಿನ ಕ್ಲಿಪ್ಪು ಗೋಡೆಯ ಹಲಗೆಗೆ ಹೋಗಲಿಲ್ಲ. ಹಲಗೆ ಆಕೆ ನಿಲ್ಲುವ ಜಾಗದಿಂದ ಹತ್ತು ಹೆಜ್ಜೆ. ಆದರೂ ಪ್ರತಿ ರೇಸಿಗೆ ಮುಂಚೆ ಆಕೆ ಟ್ರ್ಯಾಕು ಸುತ್ತಿ, ಕೆಂಪು ಮಣ್ಣು ತುಳಿದುಕೊಂಡು ಪೈನ್ ಮರಗಳ ತನಕ ಬಂದು, ಬೇಲಿಯ ಮೇಲಿಂದ ಕೈ ಚಾಚಿ ನನ್ನ ಕಾಲರಿನಿಂದ ಅದನ್ನು ತೆಗೆದುಕೊಂಡು ಹೋಗುತ್ತಿದ್ದಳು. ಮುಗಿದ ಮೇಲೆ ತಂದು ಅಲ್ಲೇ ಸಿಕ್ಕಿಸುತ್ತಿದ್ದಳು.