ಎಪ್ಪತ್ತಮೂರನೇ ಫೋಟೋ

1983ರ ನವೆಂಬರ್ 17, ಗುರುವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಊರ ಗ್ರಂಥಾಲಯದ ಲೈಬ್ರರಿಯನ್ ಪಂಚಾಕ್ಷರಪ್ಪ ಹೊನ್ನಾಳಿ ಠಾಣೆಯ ಮೆಟ್ಟಿಲು ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಂಕುಳಲ್ಲಿ ದಪ್ಪ ರಿಜಿಸ್ಟರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಫೋಟೋ ಕಳುವಾಗೈತೆ. ಎಫ್‌ಐಆರ್ ಬರ್ಕೊಳ್ರಿ."

"ಎಷ್ಟು ಫೋಟೋ?" ಎಂದರು ಪಿಎಸ್‌ಐ ನಾಗೇಂದ್ರಪ್ಪ.

"ಒಂದು."

ದಫೇದಾರ ಚಿಕ್ಕಹನುಮಂತಪ್ಪ ಮೀಸೆಯೊಳಗೇ ನಕ್ಕರು. ಪಂಚಾಕ್ಷರಪ್ಪನವರಿಗೆ ಅದು ಕಾಣದೆ ಇರುತ್ತದೆಯೇ? ಮುಖ ಕೆಂಪಾಯಿತು.

"ನಗಬ್ಯಾಡ್ರಿ ದಫೇದಾರ್ರೆ. ನಮ್ಮಪ್ಪ ವಿರೂಪಾಕ್ಷಪ್ಪನವರು ಬಿಟ್ಟು ಹೋದ ನೂರಾ ಎಂಬತ್ತಾರು ಫೋಟೋ ಅವು. ಚನ್ನಗಿರಿ ಕೋಟೆ ಐತೆ, ನ್ಯಾಮತಿ ಸಂತೆ ಐತೆ, ನಲವತ್ತು ವರ್ಷದ ಹಿಂದಿನ ಪೈಲ್ವಾನರು ಅದಾರೆ. ಇಪ್ಪತ್ತೈದನೇ ತಾರೀಕು ಬೆಂಗಳೂರಿಂದ ಸರ್ಕಾರದೋರು ಬಂದು ತಗೊಂಡು ಹೋಗ್ತಾರೆ. ವಿರೂಪಾಕ್ಷಪ್ಪನವರು ತೆಗೆದ ಫೋಟೋಗಳು ಅಂತ ಹೆಸರು ಹಾಕಿ ಶಾಶ್ವತವಾಗಿ ಇಡ್ತಾರೆ. ಒಂದು ನಂಬರ್ ಕಮ್ಮಿ ಇದ್ರೂ ಮುಟ್ಟಲ್ಲ ಅಂದಾರೆ. ನಮ್ಮನೆ ಹೆಸರಿನ ಮಾತಿದು."

ಹನ್ನೊಂದಕ್ಕೆ ಎಫ್‌ಐಆರ್ ಆಯಿತು, ಐಪಿಸಿ 380. ಹನ್ನೊಂದೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು.

ಗ್ರಂಥಾಲಯ ಸಪ್ತಾಹದ ಪ್ರದರ್ಶನವೆಂದು ಹಾಲ್‌ನಲ್ಲಿ ದಾರ ಕಟ್ಟಿ, ಫೋಟೋಗಳನ್ನು ಕ್ಲಿಪ್ಪಿನಿಂದ ಸಾಲಾಗಿ ತೂಗುಹಾಕಿದ್ದರು. ಬೀಗ ಮುರಿದಿರಲಿಲ್ಲ. ಗೋಡೆ ಗಡಿಯಾರ ಗೋಡೆಯಲ್ಲೇ ಇತ್ತು, ಬೆಳ್ಳಿ ಕಟ್ಟಿನ ದೊಡ್ಡ ಫೋಟೋ ಸಹ ಅಲುಗಿರಲಿಲ್ಲ. ಖಾಲಿ ಇದ್ದದ್ದು ಎಪ್ಪತ್ತಮೂರನೇ ಕ್ಲಿಪ್ಪು ಮಾತ್ರ.

ನಾಗೇಂದ್ರಪ್ಪನವರು ಸಾಲು ನೋಡುತ್ತಾ ನಡೆದರು. ಎಂಥ ಫೋಟೋಗಳು! ಸಂತೆಯ ಮುದುಕಿಯ ಕಣ್ಣಿನ ನಗು, ಪೈಲ್ವಾನನ ಬೆನ್ನ ಮೇಲಿನ ಮಣ್ಣು, ಎಲ್ಲವೂ ಈಗಷ್ಟೇ ಎದುರಿಗೆ ನಿಂತ ಹಾಗೆ. ಆದರೆ ಯಾವುದನ್ನು ನೋಡಿದರೂ ಒಬ್ಬರೇ ರುಮಾಲಿನವರು ನಡುವೆಯೋ ಮೂಲೆಯಲ್ಲೋ ನಿಂತಿದ್ದರು.

"ಇವರು ಯಾರು?"

"ನಮ್ಮಪ್ಪ."

"ಪೈಲ್ವಾನರ ನಡುವೆ ಶಾಲು ಹೊದ್ದೋರು?"

"ನಮ್ಮಪ್ಪನೇ."

"ಎಲ್ಲದರಲ್ಲೂ ಅವರೇ ನಿಂತಿದ್ದರೆ ಕ್ಯಾಮೆರಾ ಹಿಂದೆ ಯಾರಿದ್ದರು?"

ಪಂಚಾಕ್ಷರಪ್ಪ ರಿಜಿಸ್ಟರನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. "ಕ್ಯಾಮೆರಾ ನಮ್ಮಪ್ಪಂದ್ರೀ. ಪೆಟ್ಟಿಗೆ ಹೊರಾಕೆ, ಒತ್ತಾಕೆ ಒಬ್ಬ ಆಳಿದ್ದ. ಜಗಳೂರು ಕಡೆಯೋನು."

"ಹೆಸರು?"

"ನಾನಾಗ ಸಣ್ಣೋನು. ಆಳು ಅಂತನೇ ಗೊತ್ತು. ಎಪ್ಪತ್ತಮೂರರಾಗೆ ಇದ್ದೋನೂ ಅವನೇ. ಅದೊಂದನ್ನ ನಮ್ಮಪ್ಪ ಒತ್ತಿದ್ದು, ಕೈ ಅಲುಗಿ ಮಸುಕಾಗಿತ್ತು."

"ಅಯ್ಯೋ ಶಿವನೆ!" ಎಂದರು ದಫೇದಾರರು. "ಚೆಂದವು ನೂರಾ ಎಂಬತ್ತೈದು ಬಿಟ್ಟು ಮಸುಕಾದ್ದನ್ನ ಕದ್ರಾ?"

"ಅದರ ಬಗ್ಗೆ ಯಾರಾದರೂ ಕೇಳಿದ್ದರೇ?" ಎಂದರು ನಾಗೇಂದ್ರಪ್ಪ.

"ಮಸುಕಾದ್ದನ್ನ ಯಾರು ಕೇಳ್ತಾರ್ರೀ?"

ನಾಗೇಂದ್ರಪ್ಪ ಒಂದು ಫೋಟೋ ತಿರುಗಿಸಿದರು. ಹಿಂದೆ ಪೆನ್ಸಿಲಿನಲ್ಲಿ 'ಉ' ಎಂದು ಬರೆದಿತ್ತು. ಇನ್ನೊಂದರ ಹಿಂದೆಯೂ ಅದೇ.

"ನಮ್ಮಪ್ಪನ ಕೈಬರಹ," ಎಂದು ಪಂಚಾಕ್ಷರಪ್ಪ ಎದೆಯುಬ್ಬಿಸಿದರು. "ಉ ಅಂದ್ರೆ ಉತ್ತಮ. ಚೆನ್ನಾಗಿ ಬಂದವಕ್ಕೆ ಹಂಗೆ ಗುರುತು ಹಾಕೋರು."

ಪ್ರದರ್ಶನದ ಹಾಲ್‌ನಲ್ಲಿ ಮೇಜಿನ ಮೇಲೇ ಇಟ್ಟಿರುತ್ತಿದ್ದ ರಿಜಿಸ್ಟರನ್ನು ಪಂಚನಾಮೆಗೆ ಬಿಚ್ಚಿದಾಗ ದಫೇದಾರರ ನಗು ನಿಂತಿತು. ಪಂಚಾಕ್ಷರಪ್ಪನವರ ಅಕ್ಷರದಲ್ಲಿ 'ನಂ. 73. ಕ್ಯಾಮೆರಾ ಪೆಟ್ಟಿಗೆಯೊಂದಿಗೆ ಆಳು' ಎಂದಿತ್ತು. 'ಆಳು' ಎಂಬ ಪದಕ್ಕೆ ಯಾರೋ ಕೆಂಪು ಶಾಯಿಯಲ್ಲಿ ಪೂರ್ತಿ ಮುಚ್ಚದ ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು: 'ತಪ್ಪು. ಹತ್ತು ಸಲ ತಿದ್ದಿ ಬರೆ.'

"ಯಾವುದೋ ಹುಡುಗರ ಕಿತಾಪತಿ ಸಾಹೇಬ್ರೆ," ಎಂದರು ದಫೇದಾರರು.

"ಕದ್ದು ಹೋಗೋ ಕಳ್ಳ ಹೋಮ್‌ವರ್ಕ್ ಕೊಟ್ಟು ಹೋಗ್ತಾನೇನ್ರಿ?" ಎಂದರು ನಾಗೇಂದ್ರಪ್ಪ. "ಇದು ಮೇಷ್ಟ್ರ ಕೈ. ತಪ್ಪು ಕಂಡರೆ ತಾನೇ ಓಡುತ್ತೆ. ಸರಿ ಏನು ಅಂತ ಬರೆದಿಲ್ಲ ನೋಡಿ, ಅದನ್ನ ನಾವೇ ಹುಡುಕಬೇಕು."

ಸಂದರ್ಶಕರ ಪುಸ್ತಕದ ಪ್ರಕಾರ 16ರಂದು ಮೂರು ಶಾಲೆಯವರು ಮಕ್ಕಳನ್ನು ಕರೆತಂದಿದ್ದರು. ಹೊನ್ನಾಳಿಯದೊಂದು, ನ್ಯಾಮತಿಯದೊಂದು, ಗೋವಿನಕೋವಿಯದೊಂದು. ಮರುದಿನ ಚಿಕ್ಕಹನುಮಂತಪ್ಪ ಮೂರೂ ಕಡೆ ಹೋಗಿ ಕಾಪಿ ಪುಸ್ತಕ ನೋಡಿದರು. ಮೊದಲೆರಡು ಕಡೆ ಏನೂ ಸಿಗಲಿಲ್ಲ. ಮಧ್ಯಾಹ್ನ ಮೂರು ಹತ್ತಕ್ಕೆ ಗೋವಿನಕೋವಿಯಲ್ಲಿ ನಾಲ್ಕನೇ ಕ್ಲಾಸಿನ ಪುಸ್ತಕವೊಂದರಲ್ಲಿ ಅದೇ ಪೂರ್ತಿ ಮುಚ್ಚದ ಕೆಂಪು ಸುತ್ತು, ಅದೇ 'ಹತ್ತು ಸಲ' ಕಂಡಿತು.

"ಓಬವ್ವ ಟೀಚರ್ದು," ಎಂದರು ಹೆಡ್‌ಮಾಸ್ಟರ್ ಷಣ್ಮುಖಪ್ಪ. "ನಿನ್ನೆಯಿಂದ ರಜಾ ಹಾಕ್ಯಾರೆ. ಅವರಪ್ಪ ಉಚ್ಚಂಗೆಪ್ಪ ತೀರ್ಕೊಂಡು ಭಾನುವಾರಕ್ಕೆ ವರ್ಷ ಆಗ್ತತಂತೆ. ಜಗಳೂರಿಗೆ ಹೋಗ್ಯಾರೆ."

ಜಗಳೂರು ಎಂದ ಕೂಡಲೇ ದಫೇದಾರರು ಪುಸ್ತಕ ಮಡಚಿ, ಸಾಹೇಬರಿಗೆ ತಿಳಿಸಲು ಹೊನ್ನಾಳಿ ಬಸ್ಸು ಹಿಡಿದರು.

20ನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಜಗಳೂರು ತಲುಪಿತು. ಫೋಟೋ ಗುರುತಿಸಲು ಪಂಚಾಕ್ಷರಪ್ಪನವರೂ ಬಂದಿದ್ದರು. ಸ್ಥಳೀಯ ಠಾಣೆಗೆ ತಿಳಿಸಿ, ಇಬ್ಬರು ಪಂಚರೊಂದಿಗೆ ಮನೆಗೆ ಹೋದರು. ಸುಣ್ಣ ಬಳಿದ ಮನೆ, ಅಂಗಳದ ತುಂಬ ನೆಂಟರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಸೇವಂತಿಗೆ ಹಾರ ಹಾಕಿದ ಮಸುಕು ಫೋಟೋ. ಮೂವತ್ತೈದರ ಹೆಣ್ಣುಮಗಳೊಬ್ಬರು ಎದ್ದು ಬಂದರು.

"ನಾನೇ ರೀ ಓಬವ್ವ. ಬರ್ರಿ."

"ಈ ಫೋಟೋ ಎಲ್ಲಿಂದ ಬಂತು?"

"ಹೊನ್ನಾಳಿ ಲೈಬ್ರರಿಯಿಂದ. ಮಕ್ಕಳನ್ನ ಹೊರಗೆ ಸಾಲಾಗಿ ನಿಲ್ಸಿ, ಒಳಗೆ ಹೋಗಿ ಕದ್ದೆ. ಸುಳ್ಳು ಹೇಳಾಕಿಲ್ಲ."

"ಕೇಳಬಹುದಿತ್ತಲ್ಲ?"

"ಕೇಳಿದ್ನಲ್ರೀ. ಇವರ ಹೆಸರು ಉಚ್ಚಂಗೆಪ್ಪ, ಬರೀರಿ ಸಾರ್ ಅಂದೆ. 'ಆಳಿಗೆ ಎಂಥ ಹೆಸರಮ್ಮ, ಮುಂದೆ ನಡಿ' ಅಂದ್ರು. ನಲವತ್ತು ಮಕ್ಕಳ ಮುಂದೆ. ಒಬ್ಬಾಕಿ ನನ್ನ ಸೆರಗು ಜಗ್ಗಿ, ಟೀಚರ್ ಆ ಆಳು ಯಾರು ಅಂದ್ಳು. ನಮ್ಮಪ್ಪ ಅಂದೆ."

ಪಂಚಾಕ್ಷರಪ್ಪನವರಿಗೆ ಆಗ ನೆನಪಾಯಿತು. ಅವತ್ತು ಜನ ಏನೇನೋ ಕೇಳಿದ್ದರು, ತಾವು ಬಾಯಿಗೆ ಬಂದದ್ದು ಹೇಳಿ ಕಳಿಸಿದ್ದರು.

"ಆ ಸಾಲಿನಾಗೆ ಉಳಿದವು ಎಲ್ಲಾ ನಮ್ಮಪ್ಪ ತೆಗೆದವು," ಎಂದರು ಓಬವ್ವ. ದನಿ ಏರಿತ್ತು. "ಕರೀ ಬಟ್ಟೆ ಮುಸುಕು ಹಾಕ್ಕೊಂಡು, ಬಿಸಿಲು ಕಾದು ಕಾದು ತೆಗೆದವು. ಯಾರದು ನೋಡಿದ್ರೂ ಕಣ್ಣು ಹೊಳೀತಾವೆ. ಅಪ್ಪಂದು ಇರೋದು ಇದೊಂದೇ ರೀ, ಇದರಾಗೆ ಕಣ್ಣೇ ಕಾಣಲ್ಲ. ಅದಕ್ಕೂ ಆಳು ಅಂತ ಬರೆದ್ರೆ ಹೊಟ್ಟೆ ಉರಿಯಲ್ವಾ?"

ಜಪ್ತಿಗೆಂದು ದಫೇದಾರರು ಹಾರ ತೆಗೆದಿಟ್ಟು, ಚೌಕಟ್ಟು ಬಿಚ್ಚಿ ಫೋಟೋವನ್ನು ಪಂಚಾಕ್ಷರಪ್ಪನವರ ಕೈಗೆ ಕೊಟ್ಟರು. ಅವರು ನಂಬರ್ ನೋಡಲು ಹಿಂದೆ ತಿರುಗಿಸಿದರು. ಅಲ್ಲಿ 'ಉ' ಇರಲಿಲ್ಲ. ಅದೇ ಪೆನ್ಸಿಲಿನ ಕೈಬರಹದಲ್ಲಿ 'ವಿ' ಎಂದಿತ್ತು.

"ವಿ ಅಂದ್ರೆ ವಿರೂಪಾಕ್ಷಪ್ಪ," ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. "ಇದು ನಮ್ಮಪ್ಪ ತೆಗೆದದ್ದು. ಹಂಗಾರೆ ಉ ಅಂದ್ರೆ... ಉಚ್ಚಂಗೆಪ್ಪ. ಥೂ ನನ್ನ! ನಮ್ಮಪ್ಪ ಒಂದೊಂದಕ್ಕೂ ಸರಿಯಾಗೇ ಬರೆದಿಟ್ಟಾನೆ. ಓದಿದ ನನಗೇ ಓದಾಕೆ ಬರಲಿಲ್ಲ."

ತಲೆ ಎತ್ತಿ ನಾಗೇಂದ್ರಪ್ಪನವರಿಗೆ ಹೇಳಿದರು. "ಕಂಪ್ಲೇಂಟು ವಾಪಸ್ ತಗೋತೀನ್ರಿ."

"ಎಫ್‌ಐಆರ್ ಆಗಿದೆ, ಇನ್ನು ಕೋರ್ಟಿನ ಕೆಲಸ. ನಿಮ್ಮ ಹೇಳಿಕೆ ಏನಿದ್ದರೂ ಅಲ್ಲಿ ಕೊಡಿ."

"ಕೊಡ್ತೀನಿ. ಜಾಮೀನಿಗೂ ನಾನೇ ನಿಲ್ತೀನಿ. ಬೆಂಗಳೂರಿನೋರು ಬರಲಿ, ಹೆಸರು ತಿದ್ದಿದ ಮೇಲೇ ಫೋಟೋ ಕೊಡೋದು. ಬ್ಯಾಡ ಅಂದ್ರೆ ಖಾಲಿ ಕೈಲಿ ಹೋಗಲಿ."

ಓಬವ್ವ ಅವರನ್ನು ಮೊದಲ ಸಲ ನೇರವಾಗಿ ನೋಡಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ದಸ್ತಗಿರಿ ಎಂದು ದಿನಚರಿಯಲ್ಲಿ ನಮೂದಾಯಿತು. ಕಾರಣದ ಕೆಳಗೆ ನಾಗೇಂದ್ರಪ್ಪ ಒಂದೇ ಸಾಲು ಬರೆದರು: 'ಆರೋಪಿತೆಗೆ ಲಾಭದ ಉದ್ದೇಶವಿರಲಿಲ್ಲ, ತಂದೆಗೆ ಹೆಸರಿಲ್ಲದ್ದು ಸಹಿಸಲಾಗಲಿಲ್ಲ.'

ದಫೇದಾರರು ಜಗಲಿಯ ಮೇಲೆ ಕೂತು ದಸ್ತಗಿರಿ ಫಾರಂ ತುಂಬತೊಡಗಿದರು.

"ಹೆಸರು?"

"ಓಬವ್ವ."

"ತಂದೆ ಹೆಸರು?"

"ಉಚ್ಚಂಗೆಪ್ಪ."

"ಬರೀ ಉಚ್ಚಂಗೆಪ್ಪ ಅಲ್ರೀ," ಎಂದು ಪಂಚಾಕ್ಷರಪ್ಪ ಬಾಗಿಲಿಂದಲೇ ಗದರಿದರು. "ಫೋಟೋಗ್ರಾಫರ್ ಉಚ್ಚಂಗೆಪ್ಪ. ಪೂರ್ತಿ ಬರೀರಿ."

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಚಿಕ್ಕಹನುಮಂತಪ್ಪ ಸಾಹೇಬರ ಮುಖ ನೋಡಿದರು, ಅವರು ತಲೆಯಾಡಿಸಿದರು. ಅಕ್ಷರ ಸಣ್ಣದು ಮಾಡಿ ಬರೆದರು.

ಓಬವ್ವನ ತಾಯಿ ಅಂತರಘಟ್ಟಮ್ಮ ಇಷ್ಟು ಹೊತ್ತೂ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದರು. ಅವರಿಗೆ ಓದು ಬಾರದು.

"ಏನಂತ ಬರೆದೆಪ್ಪಾ?"

ದಫೇದಾರರು ಓದಿ ಹೇಳಿದರು.

"ಇನ್ನೊಂದು ಸಲ ಓದು."

ಚಿಕ್ಕಹನುಮಂತಪ್ಪ ಎದ್ದು ನಿಂತು, ಅಂಗಳದಲ್ಲಿದ್ದ ನೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು.