ಅಳಿಲು ಎಂಬ ವಿಮರ್ಶಕ

"ನೀವು ಒಪ್ಪಿ ಪ್ರಕಟಿಸಿದ ತಂತ್ರಾಂಶ ಶುರುವೇ ಆಗುತ್ತಿಲ್ಲ. ಇದನ್ನು ಪರೀಕ್ಷಿಸಿದ ಪುಣ್ಯಾತ್ಮ ಯಾರು?"

ಬೆಳಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಉಪಸಂಪಾದಕಿಯ ಕಣ್ಣಿಗೆ ಬಿದ್ದದ್ದು ಈ ಇಮೇಲ್. ಬರೆದವರು ಯಾವುದೋ ಪ್ರಯೋಗಾಲಯದವರು. ಅವಳು ತಾನೇ ಆ ತಂತ್ರಾಂಶವನ್ನು ಇಳಿಸಿಕೊಂಡು ನೋಡಿದಳು. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಅದಕ್ಕೆ ಬೇಕಾದ ಒಂದು ಫೈಲೇ ಇರಲಿಲ್ಲ.

ಸಂಶೋಧನೆಗೆಂದು ಬರೆದ ತಂತ್ರಾಂಶಗಳ ಪತ್ರಿಕೆ ಅದು. ಲೇಖನದ ಜೊತೆ ತಂತ್ರಾಂಶವೂ ಬರುತ್ತದೆ. ಪ್ರಧಾನ ಸಂಪಾದಕರು ವಿಮರ್ಶಕರನ್ನು ಹುಡುಕುತ್ತಾರೆ. ವಿಮರ್ಶಕರೆಂದರೆ ಬಿಟ್ಟಿ ಕೆಲಸದವರು. ಅವರು ಓಡಿಸಿ ನೋಡಿ ಸರಿ ಎಂದರೆ ಮಾತ್ರ ಪ್ರಕಟಣೆ. ಇದನ್ನು ಸರಿ ಎಂದವರು ಅಳಿಲು.



ಅಳಿಲು ಎಂಬುದು ಆ ವಿಮರ್ಶಕರು ತಾವೇ ಇಟ್ಟುಕೊಂಡ ಹೆಸರು; ನಿಜವಾದ ಹೆಸರು ಅವಳಿಗೂ ಗೊತ್ತಿರಲಿಲ್ಲ, ಪರಿಚಯವೆಲ್ಲ ಇಮೇಲಿನಲ್ಲೇ. ನನ್ನದೇನಿದ್ದರೂ ಅಳಿಲು ಸೇವೆ ಎನ್ನುತ್ತಿದ್ದರು. ಎರಡು ವರ್ಷದಿಂದ ಯಾವ ಲೇಖನ ಕೊಟ್ಟರೂ ಒಲ್ಲೆ ಎಂದವರಲ್ಲ. ಕೆಲಸದ ಮಾತು ಮುಗಿದ ಮೇಲೆ ಅವಳನ್ನೂ ವಿಚಾರಿಸುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. 'ಗಂಟಲು ಸರಿಹೋಯಿತೆ?' ಎಂದು ಹೋದ ತಿಂಗಳು ಕೇಳಿದ ಜೀವವೂ ಇದೊಂದೇ. ಆ ಜೀವ ಸುಳ್ಳು ಹೇಳಿದೆ ಎಂದು ನಂಬಲು ಅವಳಿಗೆ ಮನಸ್ಸಿರಲಿಲ್ಲ.

*

ವಿಮರ್ಶೆ ಮುಗಿದ ಮೇಲೆ ಲೇಖಕನೇ ಫೈಲ್ ಅಳಿಸಿರಬಹುದು. ಅವನಿಗೆ ಫೋನ್ ಮಾಡಿದಳು.

"ಅಳಿಸಿಲ್ಲ ಮೇಡಂ, ಹಾಕೋದೇ ಮರೆತಿದ್ದೆ ಅನ್ಸುತ್ತೆ. ನನ್ನ ಕಂಪ್ಯೂಟರಲ್ಲಿ ಇತ್ತಲ್ಲ, ನನಗೆ ಓಡ್ತಿತ್ತು."

"ವಿಮರ್ಶಕರು ಕೇಳ್ಲಿಲ್ವಾ?"

"ಏನೂ ಕೇಳ್ಲಿಲ್ಲ. ಬೇರೆ ಪತ್ರಿಕೆಯವರು ಪ್ರಾಣ ತಿಂತಾರೆ. ಇವರು ಒಂದೇ ಸಲಕ್ಕೆ ಚೆನ್ನಾಗಿ ಓಡ್ತು ಅಂತ ಬರೆದ್ರು. ನನ್ನ ಅದೃಷ್ಟ ಅಂದ್ಕೊಂಡೆ." ಆಮೇಲೆ ಅವನ ದನಿ ಇಳಿಯಿತು. "ಲೇಖನ ತೆಗೆದುಹಾಕ್ತೀರಾ ಮೇಡಂ? ಮೋಸಗಾರ ಅಂತ ಹೆಸರು ಬರುತ್ತೆ ನಂಗೆ."

ಅವಳು ದಾಖಲೆ ನೋಡಿದಳು. ಅವನ ಮಾತು ನಿಜ. ಮೊದಲ ದಿನದಿಂದಲೂ ಇಲ್ಲದ ಫೈಲು. ಓಡಿಸಿದವರು ಯಾರೇ ಆಗಲಿ ಅಲ್ಲಿ ಎಡವಬೇಕಿತ್ತು. ಅಳಿಲು ಎಡವಿರಲಿಲ್ಲ. ಅಂದರೆ ಓಡಿಸಿಯೇ ಇರಲಿಲ್ಲ.

'ತಾವು ಯಾರು, ದಯವಿಟ್ಟು ತಿಳಿಸಿ' ಎಂದು ಅಳಿಲಿಗೆ ಬರೆದಳು. ಉತ್ತರ ಬರಲಿಲ್ಲ.

*

ಜಾಲತಾಣ ನೋಡಿಕೊಳ್ಳುವವನು ಕೆಳಮಹಡಿಯಲ್ಲಿ ಕೂರುತ್ತಿದ್ದ. ಕೂದಲು ನೋಡಿ ಎಲ್ಲರೂ ಗುಂಗುರು ಎನ್ನುತ್ತಿದ್ದರು. ವಿಮರ್ಶಕರ ಖಾತೆಯನ್ನು ಹೊರಗಿನವರು ತಾವಾಗಿ ತೆರೆಯುವಂತಿರಲಿಲ್ಲ; ಆ ಅಧಿಕಾರ ಅವನಿಗಿತ್ತು.

"ಅಳಿಲು ಯಾರು? ನೀನೇನಾ?"

"ಒಳ್ಳೆ ಕಥೆ ಅಕ್ಕ. ಇರೋ ಕೆಲಸಕ್ಕೇ ಕೈ ಸಾಲ್ತಿಲ್ಲ, ಪುಕ್ಕಟೆ ವಿಮರ್ಶೆ ಬೇರೆ ಮಾಡ್ತೀನಾ? ಖಾತೆ ತೆರೆಯೋದು ನಾನೊಬ್ಬನೇ ಅಲ್ಲ. ನೀವೂ ತೆರೀಬಹುದು, ಸರ್ ಕೂಡ."

"ಹೋದ ತಿಂಗಳು ನನ್ನ ಗಂಟಲು ಕಟ್ಟಿತ್ತು. ಗೊತ್ತಾ ನಿಂಗೆ?"

"ಹೋದ ತಿಂಗಳು ಮಾವನ ಮನೇಲಿದ್ನಲ್ಲ. ಯಾಕೆ, ಹುಷಾರಿರ್ಲಿಲ್ವಾ?"

ಅವಳು ಮೆಟ್ಟಿಲು ಹತ್ತಿದಳು.

*

ಪ್ರಧಾನ ಸಂಪಾದಕರು ನಿವೃತ್ತ ಪ್ರಾಧ್ಯಾಪಕರು. ಅವಳ ಪಕ್ಕದ ಕೋಣೆ. ನಡುವೆ ಒಂದು ಗೋಡೆ.

"ಅಳಿಲು ನೀವೇ ಅಲ್ವಾ ಸರ್?"

ಅವರು ಕನ್ನಡಕ ತೆಗೆದಿಟ್ಟರು. ಸುಳ್ಳಾಡಲು ಹೋಗಲಿಲ್ಲ. "ಹೇಗೆ ಗೊತ್ತಾಯ್ತಮ್ಮ?"

"ಗಂಟಲು ಸರಿ ಇಲ್ಲ ಅಂತ ನಾನು ಯಾರಿಗೂ ಬರೆದಿರ್ಲಿಲ್ಲ. ಅಳಿಲಿಗೆ ಗೊತ್ತಾಗಬೇಕಾದ್ರೆ ನನ್ನ ದನಿ ಕಿವಿಗೆ ಬಿದ್ದಿರಬೇಕು. ಆ ವಾರ ನಾನು ಬಾಯಿಬಿಟ್ಟು ಮಾತಾಡಿದ್ದು ನಿಮ್ಮೊಬ್ಬರ ಹತ್ತಿರ. ಲೇಖನ ಕಳಿಸಿದ್ದೀನಿ ಸರ್ ಅಂತ. ಅಷ್ಟೇ."



"ಎಷ್ಟು ಜನಕ್ಕೆ ಬರೆದ್ರೂ ಒಬ್ಬರೂ ವಿಮರ್ಶೆಗೆ ಒಪ್ತಿರ್ಲಿಲ್ಲ. ಲೇಖನಗಳು ಕೊಳೀತಿದ್ವು. ಆಡಳಿತದವರು ಪತ್ರಿಕೆ ಮುಚ್ತೀವಿ ಅಂದ್ರು. ಮುಚ್ಚಿದ್ರೆ ಬೆಳಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ? ಒಂದೇ ಸಲ ಅಂತ ಅಳಿಲಿನ ಖಾತೆ ತೆರೆದು ನಾನೇ ಶುರು ಮಾಡ್ದೆ. ಉಳಿದದ್ದನ್ನೆಲ್ಲ ನಿಜವಾಗ್ಲೂ ಓಡಿಸಿ ನೋಡಿದ್ದೀನಮ್ಮ. ಇದಕ್ಕೆ ಆಗ್ಲಿಲ್ಲ. ಎರಡೂ ಕಣ್ಣಿಗೆ ಪೊರೆ. ನಾಲ್ಕು ಸಾಲು ದೊಡ್ಡದಾಗಿ ಬರೀಬಲ್ಲೆ, ಪರದೆ ತುಂಬ ಸಣ್ಣ ಅಕ್ಷರ ಓದೋಕಾಗಲ್ಲ."

"ನನ್ನನ್ನ ವಿಚಾರಿಸ್ತಿದ್ದದ್ದೂ ನಾಟಕವಾ?"

"ಅಲ್ಲ. ಎದುರಿಗೆ ಕೇಳೋಕೆ ನಾಲಿಗೆ ಏಳ್ತಿರ್ಲಿಲ್ಲ. ನೀನೂ ಬಾಗಿಲು ಹಾಕ್ಕೊಂಡೇ ಇರ್ತಿದ್ದೆ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇದ್ದೊಬ್ಬ ಸ್ನೇಹಿತರೂ ಇಲ್ಲವಾದರು.

"ನನ್ನ ಹೆಸರು ಹಾಕ್ತೀಯಾ?"

"ಹಾಕ್ಲೇಬೇಕು ಸರ್. ಇಲ್ಲದಿದ್ರೆ ಪಾಪ ಆ ಲೇಖಕನ ತಲೆಗೆ ಕಟ್ತಾರೆ."

ಅವರು ಆಗಲಿ ಎಂದು ತಲೆಯಾಡಿಸಿದರು.

ಅವರ ಎದುರಿನ ಕುರ್ಚಿಯಲ್ಲೇ ಕೂತು ಅವಳು ಪ್ರಕಟಣೆ ಬರೆದಳು. ವಿಮರ್ಶಕರು ಇರಲೇ ಇಲ್ಲ, ಲೇಖಕರು ಮೋಸ ಮಾಡಿಲ್ಲ, ತಪ್ಪು ಪ್ರಧಾನ ಸಂಪಾದಕರದು, ಲೇಖನ ಮತ್ತೆ ವಿಮರ್ಶೆಗೆ ಹೋಗುತ್ತದೆ. ಅವರ ಪೂರ್ತಿ ಹೆಸರು ಹಾಕಿದಳು. ಒಮ್ಮೆ ಗಟ್ಟಿಯಾಗಿ ಓದಿ ಹೇಳಿ ಕಳಿಸಿದಳು. ಅಳಿಲಿನ ಖಾತೆ ಮುಚ್ಚಿದಳು. ತಾಯಿ ಹೋದ ದಿನದಂತೆ ಮನಸ್ಸು ಬರಿದಾಯಿತು.

ಅವರು ಎದ್ದು ಚೀಲ ಹೆಗಲಿಗೇರಿಸಿ, ಬಾಗಿಲ ಚಿಲಕ ತಡವಿ ಹುಡುಕತೊಡಗಿದರು.

"ಕಣ್ಣಿನ ಆಪರೇಷನ್ ಯಾವತ್ತು ಸರ್?"

"ಜೊತೆಗೆ ಯಾರಾದ್ರೂ ಇರಬೇಕಂತೆ. ಅದಕ್ಕೇ ಮುಂದೂಡ್ತಾ ಬಂದೆ. ಬಿಡಮ್ಮ, ನಿಂಗ್ಯಾಕೆ ತೊಂದರೆ."

"ತೊಂದರೆ ವಿಷಯ ನಾನು ಕೇಳ್ಲಿಲ್ಲ ಸರ್. ತಾರೀಕು ಹೇಳಿ."