ನಕಲಾದ ಅಕ್ಷರಗಳು

"ಇದು ಚೌಕಾನಾ? ನೀವೇ ನೋಡಿ ಹೇಳಿ!"

ಅವಳು ಫಲಕವನ್ನು ಚೌಕಟ್ಟು ಹಾಕುವ ಬಡಗಿಯ ಮೇಜಿನ ಮೇಲೆ ದಪ್ಪೆಂದು ಇಟ್ಟಳು. ಮರದ ಪುಡಿ ಹಾರಿ ಅವನ ಮುಖಕ್ಕೆಲ್ಲ ಮೆತ್ತಿಕೊಂಡಿತು.

ಅವನು ಕಣ್ಣೊರೆಸಿಕೊಂಡು ಚೌಕಟ್ಟಿನ ಮೂಲೆಗಳನ್ನು ಬೆರಳಿಂದ ಸವರಿ ನೋಡಿದ.

"ಸೊಟ್ಟಗಿದೆ. ತಪ್ಪು ನನ್ನದೇ. ಸಂಜೆಯೊಳಗೆ ಬೇರೆ ಮಾಡ್ಕೊಡ್ತೀನಿ."

ಅವಳು ಜಗಳಕ್ಕೆ ಟೊಂಕ ಕಟ್ಟಿಯೇ ಬಂದಿದ್ದಳು. ಇಷ್ಟು ಸುಲಭವಾಗಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರಾ?

ಅವಳ ಕೆಲಸ ಅಕ್ಷರ ಬರೆಯುವುದು. ಕ್ಯಾನ್ವಾಸಿನ ಮೇಲೆ ಕುಂಚದಿಂದ ಒಂದೊಂದೇ ಅಕ್ಷರ ತಿದ್ದಿ, ಮನೆಯ ಗೋಡೆಗೆ ತೂಗುಹಾಕುವ ಫಲಕ ಮಾಡುತ್ತಿದ್ದಳು. 'ಚಪ್ಪಲಿ ಹೊರಗೆ, ನಗು ಒಳಗೆ.' 'ಈ ಮನೆಯಲ್ಲಿ ಜಗಳ ಉಚಿತ.' ಜನ ನಕ್ಕು ಕೊಳ್ಳುತ್ತಿದ್ದರು. ಅಕ್ಕ ಫೋಟೋ ತೆಗೆದು, ಫೋನಿನಲ್ಲಿ ಆರ್ಡರ್ ಹಿಡಿಯುತ್ತಿದ್ದಳು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅವರಿಬ್ಬರೇ.

ಅಂದಿನಿಂದ ಚೌಕಟ್ಟುಗಳೆಲ್ಲ ಅವನ ಕೈಯಿಂದಲೇ ಬಂದವು. ಕೆಲಸದ ಮಾತು ಮನೆಯ ಮಾತಾಯಿತು. 'ನೀವು' ಹೋಗಿ 'ನೀನು' ಬಂತು.

"ನಮ್ಮ ಮನೆ ಗೋಡೆಗೆ ಏನು ಬರೀತೀಯಾ?" ಎಂದು ಅವನು ಒಂದು ಮಧ್ಯಾಹ್ನ ಕೇಳಿದ.

"ಮೊದಲು ಗೋಡೆ ತೋರಿಸಪ್ಪಾ!"

ಅವನು ನಕ್ಕ. ಅವಳ ಕಿವಿ ಕೆಂಪಾಯಿತು. ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ತಟ್ಟೆ ತೊಳೆಯುತ್ತಲೇ ಇದ್ದಳು. "ಒಳ್ಳೇದಾಯ್ತು ಪುಟ್ಟಿ," ಎಂದಳು, ತಿರುಗಿ ನೋಡದೆ.

ಅದಾಗಿ ಸ್ವಲ್ಪ ದಿನಕ್ಕೇ ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಅವಳ ಫಲಕಗಳು ಕಾಣಿಸಿಕೊಂಡವು. ಅದೇ ಅಕ್ಷರ, ಅದೇ ಬಾಗು... ಆದರೆ ಯಂತ್ರದಲ್ಲಿ ಅಚ್ಚು ಹಾಕಿದವು. ಅವಳ ಆರ್ಡರ್‌ಗಳು ಒಂದೊಂದಾಗಿ ನಿಂತವು.

"ನಿನ್ನ ಫಲಕವೆಲ್ಲ ಚೌಕಟ್ಟಿಗೆ ಯಾರ ಹತ್ತಿರ ಹೋಗುತ್ತೆ? ಯೋಚನೆ ಮಾಡು," ಎಂದಳು ಅಕ್ಕ.

ಅವಳು ಯೋಚಿಸಲಿಲ್ಲ. ನೇರವಾಗಿ ಅವನ ಅಂಗಡಿಗೆ ನುಗ್ಗಿದಳು. ಗಿರಾಕಿಗಳು ತುಂಬಿದ್ದರು.

"ಕಳ್ಳ! ನನ್ನ ಅಕ್ಷರ ಮಾರ್ಕೊಂಡ್ಯಲ್ಲ!"

"ನಾನಲ್ಲ," ಎಂದ ಅವನು. "ನನ್ನ ಮುಖ ನೋಡಿ ಹೇಳು... ನಾನು ಅಂಥವನಾ?"

ಅವಳು ಮುಖ ನೋಡಲಿಲ್ಲ. ಫಲಕ ಮಾಡುವ ಪರಿಚಯದವರಿಗೆಲ್ಲ ಹೇಳಿಕೊಂಡು ಬಂದಳು. ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಅವನ ಅಂಗಡಿಗೆ ಬೀಗ ಬಿತ್ತು.

ಒಂದು ವರ್ಷ ಕಳೆಯಿತು. ಅವಳೂ ಕುಂಚ ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಪರದೆಯ ಬಟ್ಟೆ ತಲುಪಿಸಲು ಆ ದೊಡ್ಡ ಅಂಗಡಿಗೇ ಹೋಗಬೇಕಾಯಿತು.

ಏಣಿಯ ಮೇಲೆ ಅವನಿದ್ದ! ಅಂಗಡಿಯ ನೀಲಿ ಅಂಗಿ ತೊಟ್ಟು, ಗೋಡೆಗೆ ಅವಳದೇ ಅಕ್ಷರಗಳ ನಕಲುಗಳನ್ನು ನೇತುಹಾಕುತ್ತಿದ್ದ.

'ನಾನಂದುಕೊಂಡದ್ದೇ ನಿಜ!' ಎದೆ ಉರಿಯಿತು. "ನಾಚಿಕೆ ಆಗಲ್ವಾ ನಿನಗೆ?"

ಅವನು ಕೆಳಗೆ ನೋಡಿದ. ತುಂಬಾ ಸೊರಗಿದ್ದ.

"ಆಗುತ್ತೆ. ಆದರೆ ಬೇರೆ ಎಲ್ಲೂ ಕೆಲಸ ಸಿಗಲಿಲ್ಲ. ನೀವೇ ಎಲ್ಲರಿಗೂ ಹೇಳಿದ್ರಲ್ಲಾ, ಕಳ್ಳ ಅಂತ."

'ನೀವು'... ಆ ಒಂದು ಮಾತು ಚುಚ್ಚಿತು. ಉತ್ತರ ಕೊಡಲು ಬಾಯಿ ತೆರೆದವಳ ಕಣ್ಣು ಅವನ ಕೈಯಲ್ಲಿದ್ದ ಫಲಕದ ಮೇಲೆ ಬಿತ್ತು.

'ದೀಪ ಆರಿಸಿ ಮಲ್ಕೊಳ್ಳಿ, ನಾನಿಲ್ಲೇ ಇದ್ದೀನಿ.'

ಅದು ಅಮ್ಮ ದಿನವೂ ಹೇಳುತ್ತಿದ್ದ ಮಾತು! ಅಮ್ಮ ಹೋದ ಮೇಲೆ ಅವಳು ಅಕ್ಕನಿಗಾಗಿ ಬರೆದದ್ದು. ಅದಕ್ಕೆ ಚೌಕಟ್ಟು ಹಾಕಿಸಿರಲೇ ಇಲ್ಲ. ಅಕ್ಕತಂಗಿಯರ ಮಲಗುವ ಕೋಣೆಯಿಂದ ಅದು ಆಚೆ ಬಂದಿರಲೇ ಇಲ್ಲ. ಅವನು ಅದನ್ನು ನೋಡಿರಲು ಸಾಧ್ಯವೇ ಇಲ್ಲ.

ಫೋಟೋ ತೆಗೆಯುತ್ತಿದ್ದವಳು ಒಬ್ಬಳೇ.

ಮನೆಗೆ ಬಂದು ಕೇಳಿದಾಗ ಅಕ್ಕ ಸುಳ್ಳು ಹೇಳಲಿಲ್ಲ. ಫೋಟೋಗಳನ್ನು ಆ ಅಂಗಡಿಗೆ ಕೊಟ್ಟದ್ದು ತಾನೇ ಎಂದಳು.

"ನೀನು ಅವನ ಜೊತೆ ಹೋಗಿಬಿಟ್ರೆ ನನಗೆ ಯಾರಿದ್ದಾರೆ? ಅವನ ಮೇಲೆ ನಿನಗೆ ಬೇಜಾರಾದ್ರೆ ಸಾಕು ಅಂದ್ಕೊಂಡೆ... ಅಂಗಡಿ ಮುಚ್ಚುತ್ತೆ ಅಂದ್ಕೊಂಡಿರಲಿಲ್ಲ ಪುಟ್ಟಿ."

"ಅಮ್ಮನ ಮಾತನ್ನೂ ಕೊಟ್ಯಲ್ಲ ಅಕ್ಕಾ!"

ಅವಳಿಗೆ ಅಕ್ಕನನ್ನು ಬಿಡಲೂ ಆಗಲಿಲ್ಲ, ಅಪ್ಪಿಕೊಳ್ಳಲೂ ಆಗಲಿಲ್ಲ. ಅಕ್ಕನ ತಪ್ಪು ದೊಡ್ಡದು, ನಿಜ... ಆದರೆ ಕಳ್ಳ ಎಂದು ಕೂಗಿದ ನಾಲಿಗೆ ಯಾರದು?

ಅವಳು ಹಿಂದೆ ದೂರು ಹೇಳಿದ ಪ್ರತಿಯೊಬ್ಬರ ಬಾಗಿಲಿಗೂ ಮತ್ತೆ ಹೋದಳು. "ಅವನು ಕದ್ದಿಲ್ಲ. ನಾನು ಹೇಳಿದ್ದು ಸುಳ್ಳು." ಕೆಲವರು ಛೀ ಎಂದರು. ಒಬ್ಬಾಕೆ, "ಅವನ ಹೊಟ್ಟೆ ಮೇಲೆ ಹೊಡೆದಾದ ಮೇಲೆ ಬುದ್ಧಿ ಬಂತಾ?" ಎಂದಳು. ತಲೆ ತಗ್ಗಿಸಿ ಕೇಳಿಸಿಕೊಂಡಳು.

ಕೊನೆಗೆ ಒಂದು ಸಂಜೆ ದೊಡ್ಡ ಅಂಗಡಿಯ ಹಿಂಬಾಗಿಲಲ್ಲಿ ನಿಂತಳು. ಅವನು ಕೆಲಸ ಮುಗಿಸಿ ಹೊರಗೆ ಬಂದ.

"ಅಕ್ಕ ಕೊಟ್ಟದ್ದು. ಆದರೆ ನಿನ್ನನ್ನ ಹಾಳು ಮಾಡಿದ್ದು ನಾನು. ಎಲ್ಲರಿಗೂ ಹೇಳಿ ಬಂದೆ."

"ಕೇಳ್ಪಟ್ಟೆ." ಅವನ ದನಿಯಲ್ಲಿ ಸಂತೋಷವಿರಲಿಲ್ಲ. "ಆದರೆ ಅಪ್ಪ ಉಪಯೋಗಿಸ್ತಿದ್ದ ಗರಗಸ ವಾಪಸ್ ಬರುತ್ತಾ? ಅದನ್ನೂ ಮಾರಿಬಿಟ್ಟೆ."

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮನ್ನ ಮರೆಯೋಕೆ ತುಂಬಾ ಪ್ರಯತ್ನ ಪಟ್ಟೆ," ಎಂದ. "ಈ ಅಂಗಡಿ ಗೋಡೆ ತುಂಬಾ ನಿಮ್ಮದೇ ಅಕ್ಷರ. ಹೇಗೆ ಮರೀಲಿ? ಪ್ರೀತಿ ಹೋಗಿಲ್ಲ. ಕೋಪಾನೂ ಹೋಗಿಲ್ಲ."

"ಕೋಪ ಇರಲಿ... ಅದರ ಜೊತೆಗೇ ನಾನೂ ಇರ್ತೀನಿ. ನಿನ್ನ ಮೇಲೆ ನನಗೆ ಜೀವ ಕಣೋ. ಹೇಳೋಕೆ ಮುಖ ಇಲ್ಲ, ಆದ್ರೂ ಹೇಳ್ತಿದ್ದೀನಿ."

ಅವನು ಮುಂದೆ ನಡೆದ. ಅವಳು ಹಿಂದೆ ಹಿಂದೆಯೇ ಹೋದಳು. ರಸ್ತೆ ದಾಟುವಲ್ಲಿ ಲಾರಿಯೊಂದು ಬಂತು. ಅವನು ನಿಂತು, ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡ. ಆಮೇಲೂ ಕೈ ಬಿಡಲಿಲ್ಲ.

"ಏನಾದ್ರೂ ತಿಂದ್ಯಾ?"

"ಇಲ್ಲ..."

"ಬಾ. ಆದರೆ ಇವತ್ತು ಮಾತಾಡಿಸ್ಬೇಡ. ನನ್ನ ಕೈಲಿ ಆಗಲ್ಲ."

"ಸುಮ್ನೆ ಕೂತ್ಕೋತೀನಿ."

"ಅಳಲೂಬಾರದು."

"ಅದು ಕಷ್ಟ..."

ಅವನು ಅವಳ ಮುಖವನ್ನೇ ನೋಡಿದ. ಅವನ ಕಣ್ಣೂ ತುಂಬಿತ್ತು.

"ಹಾಗಾದ್ರೆ ಸ್ವಲ್ಪ ಅಳು."